ಕೊನೆಯ ಲಾಂಚ್ ಹೋದ ಮೇಲೆ

2025ರ ಜುಲೈ 14ರ ಸಂಜೆ. ಫೋನ್ ಎತ್ತಿದರೆ ಆ ಕಡೆಯಿಂದ ಹಲೋ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ. "ಮಾರಾಯ್ತಿ, ನಮ್ಮ ದ್ವೀಪ ಹೋಯ್ತಲ್ಲೇ!" ಅಂದಳು ಗೆಳತಿ. ಹಿಂದೆಯೇ ನಗುತ್ತ ಮೂಗು ಒರೆಸಿಕೊಂಡ ಸದ್ದು. ಅವತ್ತು ಶರಾವತಿ ಹಿನ್ನೀರಿನ ಮೇಲೆ, ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯ ಉದ್ಘಾಟನೆಯಾಗಿತ್ತು. ಲಾಂಚಿಗಾಗಿ ದಡದಲ್ಲಿ ಕಾಯುತ್ತಲೇ ತಲೆ ನರೆತವರ ಊರಿಗೆ ಬಸ್ಸು ನಿಲ್ಲದೆ ಹೋಗುವಂತಾಗಿತ್ತು. "ಒಳ್ಳೇದಾಯ್ತಲ್ಲೇ" ಅಂದೆ. "ಒಳ್ಳೇದೇ ಆಯ್ತು. ಅಜ್ಜಿ ನೋಡಬೇಕಿತ್ತು" ಅಂದವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಡಮಾನಿನ ಫೋಟೋ ನಿನ್ನ ಹತ್ರ ಇನ್ನೂ ಇದೆಯಾ?" ಎಂದು ಕೇಳಿದಳು.

ಇತ್ತು. ಬೀರುವಿನ ಕೆಳಖಾನೆಯಲ್ಲಿ, ಸೀರೆಗಳ ಅಡಿಯಲ್ಲಿ, ದಪ್ಪ ಆಲ್ಬಮ್ಮಿನಲ್ಲಿ. ಆ ರಾತ್ರಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ನಮ್ಮಿಬ್ಬರ ನಡುವೆ ಹೆಸರಿಗೆ ಕೆಲಸವಿಲ್ಲ. ಸಾಗರದಲ್ಲಿ ಕಾಲೇಜು ಓದುವಾಗ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಅಂದಿನಿಂದ ಅವಳಿಗೆ ನಾನು ಮಾರಾಯ್ತಿ, ನನಗೆ ಅವಳು ಮಾರಾಯ್ತಿ. ಅವಳ ಮನೆ ಹಿನ್ನೀರಿನಾಚೆ, ಕರೂರು ಹೋಬಳಿಯಲ್ಲಿ, ತುಮರಿಯ ಆಚೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾಗಿ ನೀರು ನಿಂತಾಗ ಅವಳು ಎರಡು ವರ್ಷದ ಕೂಸು. ಅಜ್ಜಿ ಬಾಳಿದ ಮನೆ, ಅಡಿಕೆ ತೋಟ, ಗದ್ದೆ ಎಲ್ಲ ನೀರಿನಡಿ ಹೋದವು. ಮನೆಯವರು ಮೇಲಿನ ಗುಡ್ಡಕ್ಕೆ ಬಂದು ಹೊಸದಾಗಿ ಒಲೆ ಹೂಡಿದರು. ಆ ಊರುಗಳಿಗೆ ಹಿಂದಿನಿಂದ ಕಾಡಿನ ಸುತ್ತುದಾರಿ ಇದೆ ನಿಜ. ಆದರೆ ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ ಸಾಗರಕ್ಕೇ ಬರಬೇಕು, ಸಾಗರಕ್ಕೆ ಬರಬೇಕೆಂದರೆ ನೀರು ದಾಟಬೇಕು. ಹಾಗಾಗಿ ಜನ ಅದನ್ನು ದ್ವೀಪ ಅಂತಲೇ ಕರೆದರು.

ಶನಿವಾರ ತರಗತಿ ಮುಗಿದ ಕೂಡಲೇ ಅವಳು ಬಸ್ಸಿಗೆ ಓಡುತ್ತಿದ್ದಳು, ಕೊನೆಯ ಲಾಂಚ್ ತಪ್ಪಬಾರದೆಂದು. ಎಷ್ಟೋ ಸಲ ನಾನೂ ಜೊತೆಗೆ ಹೋಗಿದ್ದೇನೆ. ಬಸ್ಸು, ಜೀಪು, ಅಡಿಕೆ ಚೀಲ, ಕೋಳಿ, ಮದುಮಕ್ಕಳು ಎಲ್ಲರನ್ನೂ ಹೊತ್ತು ಲಾಂಚ್ ಆಚೆ ದಡ ಮುಟ್ಟಿದ ಮೇಲೆ ಆ ಊರಿಗೆ ಬೇರೆಯದೇ ಶಾಂತಿ ಇಳಿಯುತ್ತಿತ್ತು. ಇನ್ನು ಯಾರೂ ಬರುವವರಿಲ್ಲ, ಯಾರೂ ಹೋಗುವವರಿಲ್ಲ. ಅಜ್ಜಿ ಚಿಮಣಿ ದೀಪ ಹಚ್ಚಿ ಜಗುಲಿಗೆ ತಂದಿಡುತ್ತಿದ್ದರು. "ಕೊನೆಯ ಲಾಂಚ್ ಹೋಯ್ತು, ಇನ್ನು ಮಾತಾಡಿ" ಅನ್ನುತ್ತಿದ್ದರು. ನಾವು ಮಾತಾಡುತ್ತಿದ್ದೆವು.

ಆಮೇಲೆ ಬದುಕು ನಮ್ಮಿಬ್ಬರನ್ನು ಎರಡು ಕಡೆ ಎಳೆಯಿತು. ನಾನು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುವ ಮೇಡಂ ಆದೆ, ಅವಳು ಬ್ಯಾಂಕು ಸೇರಿದಳು. ಮದುವೆ, ಮಕ್ಕಳು, ವರ್ಗಾವಣೆ. ಪತ್ರಗಳು ಸಣ್ಣದಾಗುತ್ತ ಬಂದವು. 2002ರಲ್ಲಿ ನಾ. ಡಿಸೋಜರ ಕಾದಂಬರಿಯಿಂದ ಗಿರೀಶ ಕಾಸರವಳ್ಳಿ ಮಾಡಿದ 'ದ್ವೀಪ' ಸಿನಿಮಾವನ್ನು ಇಬ್ಬರೂ ಒಟ್ಟಿಗೆ ನೋಡಿದೆವು. ಮುಳುಗುವ ಮನೆಯನ್ನು ಬಿಡಲೊಲ್ಲದವರ ಕಥೆ. ಹೊರಗೆ ಬಂದು ಹೋಟೆಲಿನಲ್ಲಿ ಕಾಫಿ ಮುಂದಿಟ್ಟುಕೊಂಡು ಅವಳು ಹೇಳಿದಳು: "ಹುಟ್ಟಿದಾಗಿನಿಂದ ದ್ವೀಪದಲ್ಲೇ ಸಿಕ್ಕಿಕೊಂಡಿದ್ದೀನಿ. ಒಂದು ಸಲ ದುಡ್ಡು ಕೊಟ್ಟು, ಖುಷಿಗಾಗಿ, ದ್ವೀಪಕ್ಕೆ ಹೋಗಬೇಕು. ಬರ್ತೀಯಾ?" ಸುದ್ದಿ ಕೇಳಿ ಮನೆಯವರೆಲ್ಲ ನಕ್ಕರು. "ದ್ವೀಪದವಳಿಗೆ ದ್ವೀಪ ನೋಡುವ ಆಸೆಯಂತೆ!" ಅಂದರು. ನಕ್ಕವರೇ ಮಕ್ಕಳನ್ನು ನೋಡಿಕೊಳ್ಳಲು ಒಪ್ಪಿದರು. ಡಿಸೆಂಬರಿನಲ್ಲಿ ನಾವು ಚೆನ್ನೈ ಬಂದರಿನಲ್ಲಿ ನಿಂತಿದ್ದೆವು, ನಲವತ್ತು ವರ್ಷದ ಇಬ್ಬರು ಹುಡುಗಿಯರು.

ಪೋರ್ಟ್ ಬ್ಲೇರಿಗೆ ಹಡಗಿನಲ್ಲಿ ಮೂರು ದಿನದ ಹಾದಿ. ನಮ್ಮದು ಬಂಕ್ ಕ್ಲಾಸು. ಹಡಗಿನ ಹೊಟ್ಟೆಯಲ್ಲಿ ಉದ್ದನೆಯ ಹಜಾರ, ಸಾಲುಸಾಲಾಗಿ ಮೇಲೊಂದು ಕೆಳಗೊಂದು ಮಂಚ. ತಮಿಳು, ತೆಲುಗು, ಬಂಗಾಳಿ, ಹಿಂದಿ ಎಲ್ಲ ಒಟ್ಟಿಗೆ ಕೇಳುತ್ತಿದ್ದವು. ಹೆರಿಗೆ ಮುಗಿಸಿ ಕೂಸಿನೊಂದಿಗೆ ಗಂಡನ ಮನೆಗೆ ಹೊರಟವಳು, ಅಂಗಡಿಗೆ ಸಾಮಾನು ಕೊಂಡುಹೋಗುವವರು, ರಜೆ ಮುಗಿದ ಪೊಲೀಸರು. ಮೊದಲ ದಿನ ಕಡಲು ತಣ್ಣಗಿತ್ತು. ಅಟ್ಟಣೆಯ ಮೇಲೆ ನಿಂತು ಹಾರುವ ಮೀನುಗಳನ್ನು ನೋಡಿದೆವು. ನೀರಿನಿಂದ ಚಿಮ್ಮಿ, ಬೆಳ್ಳಿ ತಗಡಿನಂತೆ ಹೊಳೆದು, ಅಷ್ಟು ದೂರ ಗಾಳಿಯಲ್ಲಿ ತೇಲಿ ಮತ್ತೆ ನೀರು ಸೇರುತ್ತಿದ್ದವು. ಅವಳು ಪ್ರತಿ ಮೀನಿಗೂ "ಅಕೋ!" ಅನ್ನುತ್ತಿದ್ದಳು. ಲೆಕ್ಕ ಇಡಲು ಹೊರಟ ನಾನು ಐವತ್ತರ ಆಚೆ ಕೈಬಿಟ್ಟೆ.

ಎರಡನೇ ದಿನ ಹಡಗು ಓಲಾಡಲು ಶುರುವಾಯಿತು. ಹಜಾರದ ಅರ್ಧ ಜನಕ್ಕೆ ಹೊಟ್ಟೆ ತೊಳಸು. ಎದುರು ಮಂಚದ ಬಾಣಂತಿ ಕಣ್ಣು ಬಿಡಲಾರದೆ ಮಲಗಿದ್ದಳು. ನಮ್ಮ ಮಾರಾಯ್ತಿ ಮಂಚದ ಅಡಿಯಿಂದ ಚೀಲ ಎಳೆದು, ಬಟ್ಟೆಯಲ್ಲಿ ಸುತ್ತಿದ್ದ ಭರಣಿ ತೆಗೆದಳು. ಅಪ್ಪೆಮಿಡಿ ಉಪ್ಪಿನಕಾಯಿ! ಮುಚ್ಚಳ ಬಿಚ್ಚಿದ್ದೇ ತಡ, ಡೀಸೆಲ್ ವಾಸನೆಯ ಆ ಹಜಾರದಲ್ಲಿ ಮಲೆನಾಡಿನ ಹೊಳೆದಂಡೆಯ ಮಾವಿನ ಸೊನೆಯ ಪರಿಮಳ ಎದ್ದಿತು. ಒಂದು ಮಿಡಿಯನ್ನು ಸಣ್ಣಗೆ ಹೆಚ್ಚಿ ಬಾಣಂತಿಯ ಬಾಯಿಗಿಟ್ಟಳು. ಅವಳು ಮುಖ ಹಿಂಡಿದಳು, ಚಪ್ಪರಿಸಿದಳು, ಎದ್ದು ಕೂತಳು. ಅಲ್ಲಿಂದ ಮುಂದೆ "ಅಕ್ಕಾ, ಇಲ್ಲಿ", "ದೀದಿ, ಇಧರ್" ಎಂದು ಎಲ್ಲ ಕಡೆಯಿಂದ ಕರೆ. ಹಜಾರದ ಉದ್ದಕ್ಕೂ ಕಂಬ ಹಿಡಿದು ಓಲಾಡುತ್ತ, ಚಮಚದಲ್ಲಿ ಮಿಡಿ ಹಂಚುತ್ತ ಹೋದ ಅವಳು ಈಗಲೂ ಕಣ್ಣಿಗೆ ಕಟ್ಟಿದಂತೆ ಕಾಣುತ್ತಾಳೆ. ಪೋರ್ಟ್ ಬ್ಲೇರ್ ಬರುವಷ್ಟರಲ್ಲಿ ಭರಣಿ ಅರ್ಧವಾಗಿತ್ತು, ನಮಗೆ ಇಡೀ ಹಡಗು ನೆಂಟರಾಗಿತ್ತು.

ಪೋರ್ಟ್ ಬ್ಲೇರಿನಲ್ಲಿ ಮೊದಲು ಸೆಲ್ಯುಲರ್ ಜೈಲಿಗೆ ಹೋದೆವು. 1896ರಲ್ಲಿ ಶುರುಮಾಡಿ 1906ರ ಹೊತ್ತಿಗೆ ಮುಗಿಸಿದ ಕಟ್ಟಡ. ನಡುವಿನ ಗೋಪುರದಿಂದ ಏಳು ಸಾಲುಗಳು ಚಕ್ರದ ಅರೆಗಳಂತೆ ಚಾಚಿದ್ದವಂತೆ, ಈಗ ಉಳಿದಿರುವುದು ಮೂರು. ಒಂದು ಸಾಲಿನ ಮುಂಭಾಗಕ್ಕೆ ಇನ್ನೊಂದರ ಬೆನ್ನು ಬರುವ ಹಾಗೆ ಕಟ್ಟಿದ್ದಾರೆ. ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣಬಾರದು, ಒಂದು ಮಾತು ಆಡುವಂತಿರಬಾರದು. ಅದನ್ನು ಕೇಳಿ ಅವಳು ನನ್ನ ಕೈ ಹಿಡಿದುಕೊಂಡಳು. "ಮಾತೇ ಕಿತ್ತುಕೊಂಡರಲ್ಲೇ ಅವರಿಂದ" ಅಂದಳು. ಅಷ್ಟು ಹೊತ್ತು ನಾವಿಬ್ಬರೂ ಸುಮ್ಮನಿದ್ದದ್ದು ಆ ಪ್ರವಾಸದಲ್ಲಿ ಅದೊಂದೇ ಸಲ.

ಮರುದಿನ ಫೀನಿಕ್ಸ್ ಬೇ ಜೆಟ್ಟಿಯಿಂದ ಸರ್ಕಾರಿ ದೋಣಿ ಹತ್ತಿ ಹ್ಯಾವ್‌ಲಾಕ್ ದ್ವೀಪಕ್ಕೆ ಹೋದೆವು. ತೆಂಗು, ಅಡಿಕೆ, ಬಾಳೆ, ಕೆಸರುಗದ್ದೆ. ಅಡಿಕೆ ಮರ ಕಂಡದ್ದೇ ಅವಳು ರಸ್ತೆಯಲ್ಲೇ ನಿಂತು, "ಇಷ್ಟು ದೂರ ಬಂದರೂ ತೋಟ ಬೆನ್ನು ಬಿಡಲಿಲ್ಲ!" ಎಂದು ಮರ ತಬ್ಬಿಕೊಂಡಳು. ಬಿದಿರಿನ ಗುಡಿಸಲೊಂದನ್ನು ಬಾಡಿಗೆಗೆ ಹಿಡಿದು, ಕೈಕಾಲು ತೊಳೆದು, ಚಹಾ ತರಿಸಿಕೊಂಡು ಕೂತೆವು. ಲೋಟ ಖಾಲಿಯಾಗುವುದರೊಳಗೆ ಹೊರಗೆ ಕತ್ತಲು.

"ಎಂತ ಮಾರಾಯ್ತಿ ಇದು, ನಿನ್ನ ಗಡಿಯಾರ ನಿಂತಿದೆಯಾ?"

ಗಡಿಯಾರ ಸರಿಯಾಗಿಯೇ ಇತ್ತು. 5 ಗಂಟೆ ದಾಟಿತ್ತಷ್ಟೇ. ಶಾಲೆಯಲ್ಲಿ ವರ್ಷವರ್ಷವೂ ಕಲಿಸಿದ ಪಾಠ ಆ ಸಂಜೆ ಅಂಗಳಕ್ಕೆ ಬಂದು ನಿಂತಿತ್ತು. ಇಡೀ ದೇಶಕ್ಕೆ ಒಂದೇ ಗಡಿಯಾರ, ಅದು 82.5 ಡಿಗ್ರಿ ಪೂರ್ವ ರೇಖಾಂಶದ್ದು. ಸಾಗರ ಇರುವುದು 75 ಡಿಗ್ರಿಯ ಹತ್ತಿರ, ಹ್ಯಾವ್‌ಲಾಕ್ 93ರ ಹತ್ತಿರ. ನಡುವೆ 18 ಡಿಗ್ರಿ, ಡಿಗ್ರಿಗೆ 4 ನಿಮಿಷ. ನಮ್ಮೂರಿಗಿಂತ ಒಂದು ಗಂಟೆಗೂ ಮೊದಲೇ ಇಲ್ಲಿ ಸೂರ್ಯ ಮುಳುಗುತ್ತಾನೆ. ಬೆರಳಿನಿಂದ ಮರಳ ಮೇಲೆ ಗೆರೆ ಎಳೆದು ಅವಳಿಗೆ ವಿವರಿಸಿದೆ. ಅವಳು ಗೆರೆಯನ್ನೂ ನನ್ನನ್ನೂ ನೋಡಿ ಹೇಳಿದಳು: "ಅಂದರೆ ಇಲ್ಲಿ ಐದು ಗಂಟೆಗೇ ಕೊನೆಯ ಲಾಂಚ್ ಹೋಯ್ತು. ಇನ್ನು ಮಾತಾಡು."

ಆ ರಜೆಯ ಗುಟ್ಟು ಅದೇ. ಎಲ್ಲರೂ ಅಂಡಮಾನಿನ ಕಡಲು, ಹವಳ, ಮೀನು ಎನ್ನುತ್ತಾರೆ. ನನಗೆ ಮೊದಲು ನೆನಪಾಗುವುದು ಆ ಉದ್ದನೆಯ ಸಂಜೆಗಳು. ನಮ್ಮ ಕೈಯಲ್ಲಿ ಮೊಬೈಲ್ ಇರಲಿಲ್ಲ. ಎರಡು ದಿನಕ್ಕೊಮ್ಮೆ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿದರೆ ಮುಗಿಯಿತು. ಅನ್ನ, ದಾಲು ಏಳು ಗಂಟೆಗೇ ಹೊಟ್ಟೆ ಸೇರಿರುತ್ತಿತ್ತು. ಆಮೇಲೆ ನಿದ್ದೆಯವರೆಗೆ ಮಾತೇ ಮಾತು. ಹದಿನೈದು ವರ್ಷ ಪತ್ರದಲ್ಲಿ ಬರೆಯದೆ ಬಿಟ್ಟದ್ದೆಲ್ಲ ಹೊರಗೆ ಬಂತು. ಅವಳು ಬಡ್ತಿ ಬೇಡವೆಂದದ್ದು, ನಾನು ಎರಡನೇ ಬಸಿರು ಕಳೆದುಕೊಂಡದ್ದು, ಬಾಡಿಗೆ ಕೋಣೆಯ ಸ್ಟೌವಿನಲ್ಲಿ ಸೀದ ಮೊದಲ ಉಪ್ಪಿಟ್ಟು. ಅತ್ತದ್ದೂ ಇದೆ. ನಕ್ಕದ್ದೇ ಹೆಚ್ಚು.

ಹಗಲು ಬೇಗ ಶುರುವಾಗುತ್ತಿತ್ತು. ಏಳನೇ ನಂಬರ್ ಎಂದು ಅಲ್ಲಿಯವರು ಕರೆಯುವ ರಾಧಾನಗರದ ಕಡಲತೀರಕ್ಕೆ ಬಸ್ಸಿನಲ್ಲಿ ಹೋದೆವು. ಅವರು ಮೊಹುವಾ ಎನ್ನುವ ಭಾರೀ ಮರಗಳ ನೆರಳು ದಾಟಿದರೆ ಹಿಟ್ಟಿನಂಥ ಬಿಳಿ ಮರಳು, ಅದರಾಚೆ ಹಸಿರು, ಅದರಾಚೆ ನೀಲಿ. ಒಂದು ಕಾಲದಲ್ಲಿ ದಿಮ್ಮಿ ಎಳೆಯಲು ಈ ದ್ವೀಪಗಳಿಗೆ ಆನೆಗಳನ್ನು ತಂದಿದ್ದರು, ಅವು ಕಡಲಲ್ಲಿ ಈಜುವುದನ್ನೂ ಕಲಿತಿದ್ದವು ಎಂದು ಚಹಾ ಅಂಗಡಿಯವನು ಹೇಳಿದ. ಸಕ್ರೆಬೈಲಿನ ಬಿಡಾರದಲ್ಲಿ ತುಂಗೆಯ ನೀರಿಗಿಳಿಯುವ ಆನೆಗಳನ್ನು ನೋಡುತ್ತ ಬೆಳೆದ ನಮಗೆ ಅದು ನೆಂಟರ ಸುದ್ದಿ ಕೇಳಿದ ಹಾಗಾಯಿತು. ಎರಡು ವರ್ಷದ ಮೇಲೆ, 2004ರಲ್ಲಿ, ಟೈಮ್ ಪತ್ರಿಕೆ ರಾಧಾನಗರವನ್ನು ಏಷ್ಯಾದ ಅತ್ಯುತ್ತಮ ಕಡಲತೀರವೆಂದು ಹೆಸರಿಸಿದಾಗ ಅವಳು ಆ ಸುದ್ದಿಯ ತುಣುಕನ್ನು ಕತ್ತರಿಸಿ ನನಗೆ ಅಂಚೆಯಲ್ಲಿ ಕಳಿಸಿದಳು. ಅಂಚಿನಲ್ಲಿ ಬರೆದಿದ್ದಳು: "ನಾವು ಮೊದಲೇ ಹೇಳಿರಲಿಲ್ವಾ?"

ಸಂಜೆ ಮರಳಿನ ತುಂಬ ಪುಟ್ಟ ಏಡಿಗಳು ಹೊರಡುತ್ತಿದ್ದವು. ಖಾಲಿ ಶಂಖಚಿಪ್ಪಿನೊಳಗೆ ಮನೆ ಮಾಡಿಕೊಂಡು, ಆ ಮನೆಯನ್ನೇ ಎಳೆದುಕೊಂಡು ನಡೆಯುವ ಏಡಿಗಳು. ಅವಳದೊಂದು, ನನ್ನದೊಂದು ಆರಿಸಿ ಓಟದ ಪಂದ್ಯ ಕಟ್ಟಿದೆವು. ಅವಳ ಏಡಿ ಅರ್ಧ ದಾರಿಯಲ್ಲಿ ನಿಂತು, ಪಕ್ಕದಲ್ಲಿದ್ದ ದೊಡ್ಡ ಚಿಪ್ಪನ್ನು ಮುಟ್ಟಿ ಮುಟ್ಟಿ ನೋಡಿ, ಹಳೆಯದನ್ನು ಬಿಟ್ಟು ಹೊಸದರೊಳಗೆ ಜಾರಿಕೊಂಡಿತು. ಬಗ್ಗಿ ನೋಡುತ್ತಿದ್ದವಳು ಮೆಲ್ಲಗೆ ಹೇಳಿದಳು: "ನೋಡೇ, ಮುಳುಗಡೆಯವರ ಹಾಗೆ. ಮನೆ ಬದಲಾಯಿಸುವಾಗ ಎಷ್ಟು ಹೆದರಿಕೆ ಅದಕ್ಕೆ." ಆಮೇಲೆ ಚಪ್ಪಾಳೆ ತಟ್ಟಿ, "ಗೃಹಪ್ರವೇಶ ಆಯ್ತು!" ಎಂದು ಅದಕ್ಕೊಂದು ತೆಂಗಿನಕಾಯಿ ಚೂರು ಇಟ್ಟಳು.

ಅಮಾವಾಸ್ಯೆ ಹತ್ತಿರವಿತ್ತು. ಒಂದು ರಾತ್ರಿ ಮೊಣಕಾಲು ನೀರಿಗಿಳಿದು ಕೈ ಆಡಿಸಿದರೆ ಬೆರಳಿನ ಸುತ್ತ ನೀಲಿ ಕಿಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ನೀರು ಕದಡಿದಾಗ ಬೆಳಗುತ್ತವೆ ಎಂದು ಓದಿದ್ದೆ. ಹೇಳಲು ಬಾಯಿ ಬರಲಿಲ್ಲ. ಮಳೆಗಾಲ ಹಿಡಿಯುವ ಮೊದಲು ಅವಳ ಊರಿನ ಮರಗಳಲ್ಲಿ ಮಿಣುಕುಹುಳ ತುಂಬುವುದನ್ನು ನಾವಿಬ್ಬರೂ ಜಗುಲಿಯಿಂದ ನೋಡಿದವರು. "ಮಿಣುಕುಹುಳ ನೀರಿಗೆ ಬಿದ್ದಿವೆ" ಅಂದಳು ಅವಳು. ನೀರೆರಚಾಟ ಎಷ್ಟು ಹೊತ್ತು ನಡೆಯಿತೋ ಗೊತ್ತಿಲ್ಲ. ಸೀರೆ ಮರುದಿನ ಮಧ್ಯಾಹ್ನದವರೆಗೂ ಒಣಗಲಿಲ್ಲ.

ಅಲ್ಲಿಂದ ನೀಲ್ ದ್ವೀಪಕ್ಕೆ. ಇನ್ನೂ ಸಣ್ಣದು, ಇನ್ನೂ ಸಮತಟ್ಟು. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಈ ದ್ವೀಪಗಳಲ್ಲಿ ಕಾಡು ಕಡಿದು ನೆಲೆಯಾದರು. ನೀಲ್‌ನಲ್ಲಿ ಊರುಗಳಿಗೆ ರಾಮಾಯಣದ ಹೆಸರು: ರಾಮನಗರ, ಸೀತಾಪುರ, ಲಕ್ಷ್ಮಣಪುರ, ಭರತಪುರ. ಪೋರ್ಟ್ ಬ್ಲೇರಿಗೆ ತರಕಾರಿ ಹೋಗುವುದು ಇಲ್ಲಿಂದ. ಎಲ್ಲಿ ನೋಡಿದರೂ ಬದನೆ, ಹೀರೆ, ಕುಂಬಳ. ಅಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತಿತ್ತು. ದೋಣಿ ಹುಟ್ಟು ಹಾಕುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ಗುಡ್ಡದ ಊರಿನಲ್ಲಿ ಬೆಳೆದವಳಿಗೆ ಸೈಕಲ್ ಬರುತ್ತಿರಲಿಲ್ಲ. ನಲವತ್ತನೇ ವಯಸ್ಸಿನಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಠ ಹಿಡಿದು ಕಲಿತಳು. ಕ್ಯಾರಿಯರ್ ಹಿಡಿದು ನಾನು ಹಿಂದೆ ಓಡಿದೆ. ಶಾಲೆಯ ಮಕ್ಕಳು "ದೀದಿ! ದೀದಿ!" ಎಂದು ಕೂಗುತ್ತ ಜೊತೆಗೆ ಓಡಿದರು. ಮೂರನೇ ಸಲ ನಾನು ಕೈಬಿಟ್ಟದ್ದು ಅವಳಿಗೆ ಗೊತ್ತಾಗಲೇ ಇಲ್ಲ. ದಾರಿಯ ತಿರುವಿನವರೆಗೂ ಹೋಗಿ, ಹಿಂತಿರುಗಿ ನೋಡಿ, "ನೀನು ಅಲ್ಲಿದ್ದೀಯಾ!" ಎಂದು ಕಿರುಚಿ ಹೀರೆ ಚಪ್ಪರದೊಳಗೆ ನುಗ್ಗಿದಳು.

ಚಪ್ಪರದ ಮನೆಯಿಂದ ಒಬ್ಬ ಅಜ್ಜಿ ಹೊರಬಂದರು. ಬೈಯುತ್ತಾರೆ ಅಂದುಕೊಂಡರೆ, ಅವಳ ಮೈಮೇಲಿನ ಎಲೆ ಕೊಡವಿ, ಜಗುಲಿಗೆ ಕರೆದು, ಮೊಣಕೈಗೆ ಅರಿಶಿನ ಹಚ್ಚಿದರು. ಒಳಗೆ ಹೋಗಿ ಒಂದು ಡಬ್ಬಿ ತಂದರು. "ನಾಡು, ನಾಡು" ಎನ್ನುತ್ತ ನಮ್ಮ ಕೈಗೆ ಇಟ್ಟರು. ನಾವು ಮುಖ ಮುಖ ನೋಡಿಕೊಂಡೆವು. ತೆಂಗಿನಕಾಯಿ ಬೆಲ್ಲದ ಉಂಡೆ. ಬಂಗಾಳಿಯವರು ಅದನ್ನು ಹಾಗೆ ಕರೆಯುತ್ತಾರೆ, ಉಚ್ಚಾರ ನಮ್ಮ ಕಿವಿಗೆ ಅಪ್ಪಟ 'ನಾಡು' ಎಂದೇ ಕೇಳುತ್ತದೆ. ಅಜ್ಜಿಗೆ ಹಿಂದಿ ಅಷ್ಟಕ್ಕಷ್ಟೆ, ನಮಗೆ ಬಂಗಾಳಿ ಇಲ್ಲ. ಅವರು "ನೊದಿ" ಎಂದು ಕೈಯನ್ನು ಅಗಲವಾಗಿ ಬೀಸಿ ಹಳೆಯ ಊರಿನ ಹೊಳೆಯನ್ನು ತೋರಿಸಿದರು. ಅವಳು "ನದಿ" ಎಂದಳು. ಅವರು "ಜೊಲ್" ಅಂದರು, ಅವಳು "ಜಲ" ಎಂದು ಕತ್ತಿನವರೆಗೆ ಕೈ ಏರಿಸಿ, ಮನೆ ಮುಳುಗಿದ್ದನ್ನು ತೋರಿಸಿದಳು. ಅಜ್ಜಿ ಅವಳ ಕೆನ್ನೆ ಸವರಿದರು. ಇನ್ನೊಂದು ನಾಡು ಕೊಟ್ಟರು. ಮರುದಿನ ಅವಳು ಭರಣಿಯಲ್ಲಿ ಉಳಿದ ಅಪ್ಪೆಮಿಡಿಯನ್ನೆಲ್ಲ ಒಯ್ದು ಅವರ ಕೈಗಿಟ್ಟು ಬಂದಳು.

ಹೊರಡುವ ಹಿಂದಿನ ಬೆಳಿಗ್ಗೆ ಲಕ್ಷ್ಮಣಪುರದ ಕಡಲಿಗೆ ಹೋದೆವು. ನೀರು ಇಳಿದಾಗ ಮಾತ್ರ ತಲುಪಲಾಗುವ ಕಡೆ, ಅಲೆಗಳು ಕೊರೆದು ಮಾಡಿದ ಹವಳಗಲ್ಲಿನ ಕಮಾನೊಂದಿದೆ. ಬಂಗಾಳಿಗಳು ಅದಕ್ಕೆ ಹೌರಾ ಬ್ರಿಡ್ಜ್ ಎಂದೇ ಹೆಸರಿಟ್ಟಿದ್ದಾರೆ. ದಾರಿಯುದ್ದಕ್ಕೂ ಸಣ್ಣ ಹೊಂಡಗಳಲ್ಲಿ ನಕ್ಷತ್ರಮೀನು, ಬಣ್ಣದ ಮರಿಮೀನು. ಕಮಾನಿನ ಕೆಳಗೆ ನಿಂತ ಅವಳ ಕಣ್ಣು ಹೊಳೆಯಿತು. "ಮಾರಾಯ್ತಿ, ಇಲ್ಲಾದರೂ ನಮಗೊಂದು ಸೇತುವೆ ಸಿಕ್ತು. ಉದ್ಘಾಟನೆ ಮಾಡೇಬಿಡೋಣ!"

ಮರಳಿನ ಮೇಲೆ ಹಬ್ಬಿದ್ದ ಬಳ್ಳಿಯೊಂದನ್ನು ಕಿತ್ತು ತಂದು ಎರಡು ಬಂಡೆಗಳ ನಡುವೆ ಕಟ್ಟಿದೆವು. ಟೇಪು ಸಿದ್ಧ. ನನ್ನ ಪರ್ಸಿನಲ್ಲಿದ್ದ ಉಗುರು ಕತ್ತರಿ ಸಿದ್ಧ. ಮಂತ್ರಿಯಾಗಿ ನಾನು ಬಂಡೆ ಹತ್ತಿ ಭಾಷಣ ಮಾಡಿದೆ: "ಕರೂರು ಹೋಬಳಿಯ ಸಮಸ್ತ ಜನತೆಯ ಬಹುದಿನಗಳ ಬೇಡಿಕೆ ಇಂದು ಈಡೇರಿದೆ. ಇನ್ನು ಮುಂದೆ ಬಾಣಂತಿಯರು ಲಾಂಚ್ ಕಾಯಬೇಕಿಲ್ಲ, ಶಾಲೆಯ ಮಕ್ಕಳು ಮಳೆಯಲ್ಲಿ ನೆನೆಯಬೇಕಿಲ್ಲ." ಅವಳು ಗಂಭೀರವಾಗಿ ಬಳ್ಳಿ ಕತ್ತರಿಸಿದಳು. ದಾರಿ ತೋರಿಸಲು ಬಂದಿದ್ದ ಹುಡುಗ ಒಂದು ಪದ ತಿಳಿಯದಿದ್ದರೂ ಜೋರಾಗಿ ಚಪ್ಪಾಳೆ ತಟ್ಟಿ, ನಮ್ಮ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದ. ಕಮಾನಿನ ಕೆಳಗೆ ಇಬ್ಬರು ಹೆಂಗಸರು, ತುಂಡಾದ ಬಳ್ಳಿ, ಬಿಗಿದು ತಡೆದ ನಗು. ಅವಳು ಫೋನಿನಲ್ಲಿ ಕೇಳಿದ್ದು ಅದೇ ಫೋಟೋ.

ಬರುವಾಗ ಏನನ್ನೂ ತರಲಿಲ್ಲ. ಅಲ್ಲಿಯ ಚಿಪ್ಪು, ಸತ್ತ ಹವಳದ ತುಂಡನ್ನು ಕೂಡ ಒಯ್ಯುವಂತಿಲ್ಲ. ಆರಿಸಿಟ್ಟುಕೊಂಡಿದ್ದ ಒಂದು ಮುಷ್ಟಿ ಚಿಪ್ಪನ್ನು ಏಡಿಗಳಿಗೆ ಮನೆಯಾಗಲೆಂದು ದಡದಲ್ಲೇ ಸುರಿದು ಬಂದೆವು. 2004ರ ಡಿಸೆಂಬರ್ 26ರಂದು ಸುನಾಮಿಯ ಸುದ್ದಿ ಬಂದಾಗ ಇಬ್ಬರಿಗೂ ಮೊದಲು ನೆನಪಾದದ್ದು ಆ ಅಜ್ಜಿ. ನಿಕೋಬಾರಿನ ದ್ವೀಪಗಳಿಗೆ ಆದ ಅನಾಹುತ ದೊಡ್ಡದು. ನೀಲ್, ಹ್ಯಾವ್‌ಲಾಕ್ ಅಷ್ಟು ಕೆಟ್ಟಿಲ್ಲವೆಂದು ತಿಳಿಯುವವರೆಗೆ ಫೋನ್ ಬಿಟ್ಟು ಏಳಲಿಲ್ಲ. 2018ರಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. ಹೆಸರು ಬದಲಾದರೂ ಅಲ್ಲಿಯ ಸಂಜೆ ನಮ್ಮ ಜೊತೆ ಬಂದಿತ್ತು. ಗೋಡೆ ಗಡಿಯಾರ 5 ತೋರಿಸಿದಾಗ ನಮ್ಮಲ್ಲೊಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ, "ಅಲ್ಲಿ ಕತ್ತಲಾಯ್ತು" ಅನ್ನುವುದು ರೂಢಿಯಾಯಿತು. ಅಂದರೆ, ನಿನ್ನ ಜೊತೆ ಸ್ವಲ್ಪ ಮಾತಾಡಬೇಕು ಎಂದು ಅರ್ಥ.

ಸೇತುವೆಯಾದ ವರ್ಷದ ದೀಪಾವಳಿಗೆ ಅವಳ ಊರಿಗೆ ಹೋದೆ. ಬಸ್ಸು ಸೇತುವೆ ಹತ್ತಿದ್ದು ಇಳಿದದ್ದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ಹಿನ್ನೀರು ತುಂಬಿ ನಿಂತಿತ್ತು. ಅವಳು ಬಸ್ ನಿಲ್ದಾಣಕ್ಕೇ ಬಂದಿದ್ದಳು, ಫೋಟೋ ಕಸಿದುಕೊಂಡು ನೋಡಿ, "ನಾವು ಉದ್ಘಾಟನೆ ಮಾಡಿ ಇಪ್ಪತ್ತೆರಡು ವರ್ಷಕ್ಕೆ ಬಂತು ನೋಡು ಸೇತುವೆ!" ಎಂದು ನಕ್ಕಳು. ಹೋಳಿಗೆ ಊಟವಾಗಿ, ಹರಟೆಯಾಗಿ, ಬಿಸಿಲು ಅಂಗಳದಿಂದ ಸರಿಯುತ್ತಿದ್ದ ಹೊತ್ತಿಗೆ ನಾನು ಹಳೆಯ ಅಭ್ಯಾಸದಂತೆ ಚೀಲ ಕೈಗೆತ್ತಿಕೊಂಡು ಎದ್ದೆ. ಕೊನೆಯ ಲಾಂಚ್!

"ಕೂತ್ಕೋ" ಅಂದಳು. "ಈಗ ಯಾವ ಹೊತ್ತಿಗೆ ಬೇಕಾದರೂ ಹೋಗಬಹುದು."

ಚೀಲ ಕೆಳಗಿಟ್ಟೆ. ಜಗುಲಿಯ ಅದೇ ಮೂಲೆ, ಅಜ್ಜಿ ದೀಪ ಇಡುತ್ತಿದ್ದ ಜಾಗ. ತೋಟದ ಮೇಲೆ ಇನ್ನೂ ಬೆಳಕಿತ್ತು. ಅವಳು ಒಳಗಿನ ಗಡಿಯಾರವನ್ನು ಇಣುಕಿ ನೋಡಿ ಬಂದು ಪಕ್ಕದಲ್ಲಿ ಕೂತಳು.

"ಅಲ್ಲಿ ಕತ್ತಲಾಯ್ತು ಮಾರಾಯ್ತಿ. ಮಾತಾಡು."